ಇಕ್ವಲೈಸರ್ ಇಲ್ಲದ ಕಾಲದ ಗೌಹರ್ ಜಾನ್

ಗೌಹರ್ ಜಾನ್ ಅವರ ರೆಕಾರ್ಡನ್ನು ಯೂಟ್ಯೂಬಲ್ಲಿ ಹಾಕಿದ್ರೆ ಹೆಚ್ಚಿನವರು ಅರ್ಧ ನಿಮಿಷಕ್ಕೇ ಬಂದ್ ಮಾಡ್ತಾರೆ. ದನಿ ಕೀರಲು, ತಬಲಾ ಡಬ್ಬ ಬಡಿದಂಗೆ ಅಂತ ದೂರು. ಆ ದೂರಿನಲ್ಲಿ ದೊಡ್ಡ ಪಾಲು ಗಾಯಕಿಗೆ ಸೇರಿದ್ದೇ ಅಲ್ಲ.

1873ರಲ್ಲಿ ಆಜಂಗಢದಲ್ಲಿ ಹುಟ್ಟಿದಾಗ ಅವರ ಹೆಸರು ಏಂಜಲೀನಾ ಯೋವಾರ್ಡ್. ಅಪ್ಪ ಐಸ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್ (ನಮ್ಮ ಜಾತಿಯವರೇ ಅನ್ನಿ!). ಅಪ್ಪ ಅಮ್ಮ ಬೇರೆಯಾದ ಮೇಲೆ ಅಮ್ಮ ಮಗಳನ್ನು ಕರೆದುಕೊಂಡು ಬನಾರಸಿಗೆ ಹೋದರು, ಇಸ್ಲಾಂ ಸೇರಿ ಮಲ್ಕಾ ಜಾನ್ ಆದರು. ಮಗಳು ಗೌಹರ್ ಆದಳು. ಮುಂದೆ ಕಲ್ಕತ್ತೆ, ಠುಮ್ರಿ, ದಾದ್ರಾ, ಹೆಸರು, ದುಡ್ಡು.

1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲ್ ಕೋಣೆಯೊಂದರಲ್ಲಿ ಯಂತ್ರ ಹೂಡಿದರು. ಮೈಕ್ ಇಲ್ಲ. ದೊಡ್ಡದೊಂದು ಕಹಳೆ, ಅದರ ಸಣ್ಣ ತುದಿಗೆ ತೆಳು ಪೊರೆ, ಪೊರೆಗೆ ಸೂಜಿ, ಕೆಳಗೆ ತಿರುಗುವ ಮೇಣದ ತಟ್ಟೆ. ಹಾಡುವವರ ಉಸಿರಿನ ಬಲದಿಂದಲೇ ಗೀರು ಬೀಳಬೇಕು. ಹಾಗೆ ದಾಖಲಾಗಿದ್ದು ಸುಮಾರು 200ರಿಂದ 2000 ಹರ್ಟ್ಸ್ ಆಸುಪಾಸಿನ ಸದ್ದು ಮಾತ್ರ. ಎಡಗೈ ತಬಲಾದ ಗುಮ್ಮೆನ್ನುವ ನಾದ ಕೆಳಗೆ ಉಳೀತು, ದನಿಯ ಹೊಳಪು ಮೇಲೆ ಉಳೀತು. ಮಧ್ಯದಲ್ಲಿ ಕಹಳೆ ತನ್ನದೇ ಅನುರಣನ ಸೇರಿಸಿತು. ಕೀರಲು ಅನ್ನಿಸೋದು ಅದಕ್ಕೇ.

ನಮ್ಮ ಹುಲಗೋಳದ ಕಡೆ ಆಟದಲ್ಲಿ ಭಾಗವತರ ದನಿ ಚಂಡೆಯ ಅಡಿಗೆ ಹೋದ್ರೆ ಮೈಕ್‌ಸೆಟ್ಟಿನವನು ಮಿಡ್ ಚೂರು ಏರಿಸ್ತಾನೆ, ಬಾಸ್ ಇಳಿಸ್ತಾನೆ. ಆಗ ಆ ಗುಂಡಿಯೆಲ್ಲ ಹಾಡುವವರ ಕುತ್ತಿಗೆಯಲ್ಲೇ ಇತ್ತು: ಕಹಳೆಗೆ ಎಷ್ಟು ಹತ್ತಿರ ನಿಲ್ಲಬೇಕು, ತಾರಕ್ಕೆ ಏರುವಾಗ ಎಷ್ಟು ಹಿಂದೆ ಸರಿಯಬೇಕು. ಅದೂ ಮೂರು ನಿಮಿಷದೊಳಗೆ. ಕೊನೆಗೆ ತಮ್ಮ ಹೆಸರನ್ನೂ ಇಂಗ್ಲಿಷಿನಲ್ಲಿ ಕೂಗಿ ಹೇಳ್ತಿದ್ದರು, ಜರ್ಮನಿಯ ಹ್ಯಾನೋವರ್‌ನಲ್ಲಿ ತಟ್ಟೆ ಒತ್ತುವವರಿಗೆ ಗುರುತು ಸಿಗಲಿ ಅಂತ. ಹೀಗೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ನೂರಾರು ರೆಕಾರ್ಡ್ ಕೊಟ್ಟರು.

ಇವತ್ತು ಆ ತಟ್ಟೆಗಳನ್ನು ಡಿಜಿಟಲ್ ಮಾಡುವವರು ಕಹಳೆಯ ಅನುರಣನ ಇರುವಲ್ಲಿ ಕಿರಿದಾದ ಕಟ್ ಕೊಡಬಹುದು, ಮೇಲಿನ ಸರಸರ ತಗ್ಗಿಸಬಹುದು. ದನಿ ಎಷ್ಟೋ ಮೆತ್ತಗಾಗುತ್ತೆ. ಆದರೆ 80 ಹರ್ಟ್ಸ್‌ನಲ್ಲಿ ಎಷ್ಟು ಬೂಸ್ಟ್ ಕೊಟ್ಟರೂ ತಬಲಾ ಬರಲ್ಲ, ಗುರ್ ಅನ್ನೋ ಗದ್ದಲ ಬರುತ್ತೆ. ಬರೆದೇ ಇರದಿದ್ದನ್ನು ಯಾವ ಫಿಲ್ಟರ್ ತಂದೀತು?

ವಿದ್ಯುತ್ ಮೈಕ್ ರೆಕಾರ್ಡಿಂಗ್ ಬಂದಿದ್ದು 1925ರಲ್ಲಿ. ಅಷ್ಟೊತ್ತಿಗೆ ಕೋರ್ಟು ಕಚೇರಿ ಅಲೆದು ಅವರ ಗಳಿಕೆ ಕರಗಿತ್ತು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿಗೆ ಕರೆಸಿ ಅರಮನೆಯ ಗಾಯಕಿಯಾಗಿ ನೇಮಿಸಿದರು. 1930ರ ಜನವರಿ 17ರಂದು ಗೌಹರ್ ಮೈಸೂರಲ್ಲೇ ತೀರಿಕೊಂಡರು.