ಬಳ್ಳಾರಿ ರಾಘವರ ನಟಜೀವನ: ಕೆಲವು ಬಿಕ್ಕಟ್ಟುಗಳು

ನಟನ ಕಲೆಯನ್ನು ಕುರಿತು ಅಧ್ಯಯನ ಮಾಡುವವರಿಗೆ ಎದುರಾಗುವ ಮೊದಲ ತೊಡಕು ಆಕರದ್ದು. ಕವಿಯ ಕಾವ್ಯ ಉಳಿಯುತ್ತದೆ, ಶಿಲ್ಪಿಯ ವಿಗ್ರಹ ಉಳಿಯುತ್ತದೆ. ನಟನ ಕೃತಿಯಾದರೋ ಅಂಕದ ಪರದೆ ಬಿದ್ದೊಡನೆ ಇಲ್ಲವಾಗುತ್ತದೆ. ಈ ಕಾರಣದಿಂದಲೇ ನಮ್ಮಲ್ಲಿ ನಟರ ಜೀವನಚರಿತ್ರೆಗಳು ಬಹುಮಟ್ಟಿಗೆ ಪ್ರಶಂಸೆಗಳ ಸಂಕಲನಗಳಾಗಿವೆ. ಬಳ್ಳಾರಿ ರಾಘವರ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಅವರಿಗೆ ದೊರೆತ ಮನ್ನಣೆಯ ಪಟ್ಟಿಗಿಂತ, ಅವರು ನಟರಾಗಿ ಎದುರಿಸಿದ ಇಕ್ಕಟ್ಟುಗಳೇ ಅವರ ಕಲೆಯನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತವೆ ಎಂಬುದು ಈ ಲೇಖನದ ಗ್ರಹಿಕೆ.

ತಾಡಪತ್ರಿಯಲ್ಲಿ 1880ರ ಆಗಸ್ಟ್ 2ರಂದು ಜನಿಸಿದ ರಾಘವಾಚಾರ್ಯರು ಬಳ್ಳಾರಿಯಲ್ಲಿ ಶಾಲಾ ಶಿಕ್ಷಣವನ್ನೂ ಮದರಾಸಿನಲ್ಲಿ ಕಾಲೇಜು ಶಿಕ್ಷಣವನ್ನೂ ಪಡೆದು, 1905ರಲ್ಲಿ ಕಾನೂನು ಪದವೀಧರರಾದರು. ಬಳ್ಳಾರಿಯಲ್ಲಿ ವಕೀಲಿ ವೃತ್ತಿ ನಡೆಸಿ ಹೆಸರು ಮಾಡಿದರು. ಸರ್ಕಾರಿ ವಕೀಲರೂ ಆದರು. 1933ರಲ್ಲಿ ಅವರಿಗೆ ರಾವ್ ಬಹಾದ್ದೂರ್ ಪದವಿ ಬಂದಿತು. ರಂಗಭೂಮಿ ಅವರಿಗೆ ಹೊಟ್ಟೆಪಾಡಿನ ದಾರಿಯಾಗಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಟಿಕೆಟ್ಟಿನ ಹಣವನ್ನೇ ನಂಬಿ ಬದುಕಬೇಕಾಗಿದ್ದ ಕಂಪನಿ ನಟನಿಗೆ ಇಲ್ಲದ ಸ್ವಾತಂತ್ರ್ಯ ಈ ಹವ್ಯಾಸಿಗೆ ಇದ್ದಿತು. ಮುಂದೆ ಹೇಳಲಿರುವ ಅವರ ಪ್ರಯೋಗಗಳನ್ನು ತೂಗಿ ನೋಡುವಾಗ ಈ ಅನುಕೂಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ.

ಆ ಕಾಲದ ಬಳ್ಳಾರಿ ಎರಡು ನಾಟಕ ಸಭೆಗಳ ಊರು. ರಾಘವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭೆ ಒಂದು, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆ ಮತ್ತೊಂದು. ಇಬ್ಬರೂ ವಕೀಲರು, ಇಬ್ಬರೂ ನಾಟಕಕಾರರು. ಸೋದರಮಾವನ ನಾಟಕಗಳಲ್ಲಿ ಬೆಳೆದ ಹುಡುಗ ಮುಂದೆ ಎದುರಾಳಿ ಪಾಳೆಯದ ಕೋಲಾಚಲಂ ಅವರು ವಿಜಯನಗರದ ಪತನವನ್ನು ಕುರಿತು ಬರೆದ ಐತಿಹಾಸಿಕ ನಾಟಕದಲ್ಲಿ ಪಠಾಣ್ ರುಸ್ತುಮನ ಪಾತ್ರ ವಹಿಸಿ ಖ್ಯಾತನಾದದ್ದು ಕುತೂಹಲಕರ ಸಂಗತಿ. ಪಂಗಡಗಳಿಗಿಂತ ಪಾತ್ರ ದೊಡ್ಡದೆಂಬ ನಿಲುವು ಆಗಲೇ ಅವರಲ್ಲಿ ಮೂಡಿದ್ದಿರಬೇಕು.

ರಾಘವರ ಮುಂದಿದ್ದ ಅತಿ ದೊಡ್ಡ ಸವಾಲು ಸಂಗೀತದ್ದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ತೆಲುಗಿನಲ್ಲಿಯಾಗಲಿ ಕನ್ನಡದಲ್ಲಿಯಾಗಲಿ ನಟನೆಂದರೆ ಗಾಯಕನೆಂದೇ ಅರ್ಥ. ಮೈಸೂರು ಸೀಮೆಯಲ್ಲಿ ಎ.ವಿ. ವರದಾಚಾರ್ಯರ ಕಂಠಕ್ಕೆ ಜನ ಮರುಳಾಗಿದ್ದ ಕಾಲ ಅದು. ಪದ್ಯವೊಂದನ್ನು ರಾಗವಾಗಿ ಎಳೆದು ಹಾಡಿ, ಒನ್ಸ್‌ಮೋರ್ ಪಡೆದು, ಸತ್ತು ಬಿದ್ದ ಪಾತ್ರ ಎದ್ದು ಮತ್ತೆ ಹಾಡಿ ಸಾಯುವುದೂ ರಂಗದ ಮೇಲೆ ನಡೆಯುತ್ತಿದ್ದಿತು. ಪ್ರೇಕ್ಷಕನಿಗೆ ಇದರಿಂದ ರಸಭಂಗವಾಗುತ್ತಿರಲಿಲ್ಲ. ಅವನು ಬಂದದ್ದೇ ಹಾಡು ಕೇಳಲು. ಇಂತಹ ಸಭೆಯ ಮುಂದೆ ರಾಘವರು ಪದ್ಯಗಳನ್ನು ಕಡಿಮೆ ಮಾಡಿದರು. ಉಳಿಸಿಕೊಂಡವನ್ನು ಅರ್ಥಕ್ಕೆ ತಕ್ಕ ನಿಲುಗಡೆಯಿಂದ, ಮಾತಿಗೆ ಹತ್ತಿರವಾದ ಧಾಟಿಯಲ್ಲಿ ನುಡಿದರು. ಭಾವವನ್ನು ಮುಖದಲ್ಲಿ, ನಡಿಗೆಯಲ್ಲಿ, ಮೌನದಲ್ಲಿ ತೋರಿಸುವುದು ಅವರ ಮಾರ್ಗವಾಯಿತು. ತೆಲುಗು ನಾಟಕಕ್ಕೆ ಹಾಡುಗಳನ್ನು ವಿಪುಲವಾಗಿ ತಂದವರಲ್ಲಿ ಅವರ ಸೋದರಮಾವನೇ ಪ್ರಮುಖರು ಎಂಬುದನ್ನು ನೆನೆದರೆ ಈ ನಿರಾಕರಣೆಯ ತೂಕ ತಿಳಿಯುತ್ತದೆ. ಸಭೆಯ ರುಚಿಯನ್ನಷ್ಟೇ ಅಲ್ಲ, ತಮ್ಮ ಮನೆಯ ಪಾಠವನ್ನೂ ಅವರು ಮೀರಬೇಕಾಗಿದ್ದಿತು. ಬಳ್ಳಾರಿಯಲ್ಲಿ ಅವರು ನಡೆಸಿದ ಷೇಕ್ಸ್‌ಪಿಯರ್ ಕೂಟ, ಬೆಂಗಳೂರಿನ ಹವ್ಯಾಸಿಗಳೊಡನೆ ಆಡಿದ ಇಂಗ್ಲಿಷ್ ನಾಟಕಗಳು ಈ ದಿಕ್ಕಿನಲ್ಲಿ ಅವರಿಗೆ ನೆರವಾದುವೆಂದು ಊಹಿಸಬಹುದು. ಹಾಡಿನ ಆಸರೆಯಿಲ್ಲದೆ ಗದ್ಯ–ಪದ್ಯಗಳೆರಡನ್ನೂ ಹೊತ್ತು ನಡೆಯುವ ಅಭ್ಯಾಸ ಅಲ್ಲಿ ಅನಿವಾರ್ಯ.

ಈ ಸ್ವಾತಂತ್ರ್ಯಕ್ಕೆ ಮತ್ತೊಂದು ಮುಖವೂ ಇದ್ದಿತು. ಕವಿಯ ಪಾಠವನ್ನು ರಾಘವರು ರಂಗದ ಮೇಲೆಯೇ ಬದಲಿಸುತ್ತಿದ್ದರು, ಹೊಸ ಮಾತುಗಳನ್ನು ಸೇರಿಸುತ್ತಿದ್ದರು ಎಂಬ ಆಕ್ಷೇಪವುಂಟು. ಜೊತೆಯ ನಟರಿಗೆ ಇದು ಪೇಚಿಗೆ ಕಾರಣವಾಗದೆ ಇರದು. ಬಾಯಿಪಾಠದ ಮೇಲೆ ನಿಂತ ನಟನಿಗೆ ಎದುರಿನಿಂದ ಬರಬೇಕಾದ ಮಾತು ಬಾರದಿದ್ದರೆ ಕಾಲೂರುವುದೆಲ್ಲಿ? ಅವರ ಅಭಿಮಾನಿಗಳು ಇದನ್ನು ಪ್ರತಿಭೆಯ ಸ್ಫುರಣೆಯೆಂದು ಕೊಂಡಾಡುತ್ತಾರೆ. ಒಬ್ಬನ ಪಾತ್ರ ಬೆಳಗುವಷ್ಟಕ್ಕೆ ನಾಟಕ ಬೆಳಗಿತೆನ್ನಲಾಗದು. ಈ ಅಂಶದಲ್ಲಿ ಆಕ್ಷೇಪಿಸಿದವರ ಪಕ್ಷವೇ ಸರಿಯೆಂದು ತೋರುತ್ತದೆ.

ಸ್ತ್ರೀಪಾತ್ರಗಳ ವಿಷಯದಲ್ಲಿ ಅವರ ಹೋರಾಟ ಇನ್ನೂ ಕಠಿಣವಾದುದು. ಪುರುಷರೇ ಸೀರೆಯುಟ್ಟು ಬರುತ್ತಿದ್ದ ಹವ್ಯಾಸಿ ರಂಗದಲ್ಲಿ, ಭಾವವನ್ನು ಸಹಜವಾಗಿ ತೋರಬೇಕೆಂದು ಹಠ ಹಿಡಿದ ನಟನಿಗೆ ಎದುರುಪಾತ್ರದ ಕೃತಕತೆ ಅಡ್ಡಿಯಾಗುವುದು ಸ್ವಾಭಾವಿಕ. ಗೌರವಸ್ಥ ಮನೆತನದ ಹೆಣ್ಣುಮಕ್ಕಳು ರಂಗಕ್ಕೆ ಬರಬೇಕೆಂದು ಅವರು ವಾದಿಸಿದರು. ವಾದಕ್ಕೇ ನಿಲ್ಲದೆ ಕೊಮ್ಮೂರಿ ಪದ್ಮಾವತಿ ದೇವಿ, ಕೊಪ್ಪರಪು ಸರೋಜಿನಿ ಮೊದಲಾದವರಿಗೆ ತಮ್ಮೊಡನೆ ಅಭಿನಯಿಸಲು ಅವಕಾಶ ಮಾಡಿಕೊಟ್ಟರು. ಮುಂದೆ ಮದರಾಸು ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾದ ಪಿ.ವಿ. ರಾಜಮನ್ನಾರ್ ಬರೆದ ಸಾಮಾಜಿಕ ನಾಟಕ ‘ತಪ್ಪೆವರಿದಿ’ಯನ್ನು ಅವರು ರಂಗಕ್ಕೆ ತಂದದ್ದು ಈ ಪ್ರಯತ್ನದ ಜೊತೆಗೇ ನೋಡಬೇಕಾದ ಸಂಗತಿ. ಪೌರಾಣಿಕ ಕಿರೀಟ ತೊಟ್ಟು ಗಂಡಸು ದ್ರೌಪದಿಯಾಗಬಹುದು. ಸಮಕಾಲೀನ ಮನೆಯ ನಡುಮನೆಯಲ್ಲಿ ನಿಂತು ಮಾತನಾಡುವ ಹೆಣ್ಣಾಗುವುದು ಸುಲಭವಲ್ಲ. ಲೋಕನಿಂದೆಯ ಹೊರೆಯನ್ನು ಮಾತ್ರ ರಾಘವರಿಗಿಂತ ಆ ಹೆಣ್ಣುಮಕ್ಕಳೇ ಹೆಚ್ಚಾಗಿ ಹೊತ್ತರೆಂಬುದನ್ನು ನಮ್ಮ ರಂಗಚರಿತ್ರೆಗಳು ಸಾಕಷ್ಟು ಒತ್ತಿ ಹೇಳಿಲ್ಲ.

1927ರಲ್ಲಿ ನಂದಿಬೆಟ್ಟದಲ್ಲಿ ವಿಶ್ರಾಂತಿಗೆಂದು ತಂಗಿದ್ದ ಗಾಂಧೀಜಿಯವರ ಮುಂದೆ ರಾಘವರ ತಂಡ ಕಬೀರನನ್ನು ಕುರಿತ ನಾಟಕವನ್ನು ಆಡಿತು. ಮರುವರ್ಷ ಅವರು ಇಂಗ್ಲೆಂಡಿಗೆ ಹೋಗಿ ಬರ್ನಾರ್ಡ್ ಷಾ ಅವರನ್ನು ಕಂಡರು. ಇವು ಸುಪರಿಚಿತವಾದುದರಿಂದ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

ವಯಸ್ಸು ಐವತ್ತೈದು ದಾಟಿದ ಮೇಲೆ ಚಲನಚಿತ್ರ ಹೊಸದೊಂದು ಪರೀಕ್ಷೆಯನ್ನು ಒಡ್ಡಿತು. ಸಭೆಯ ಉಸಿರಾಟವನ್ನು ಆಲಿಸುತ್ತ, ಅದಕ್ಕೆ ತಕ್ಕಂತೆ ಮಾತನ್ನು ಹಿಗ್ಗಿಸಿ ಕುಗ್ಗಿಸುತ್ತಿದ್ದ ನಟ ತುಂಡುತುಂಡಾಗಿ, ಪ್ರೇಕ್ಷಕರಿಲ್ಲದೆ ಅಭಿನಯಿಸಬೇಕಾಯಿತು. 1936ರ ‘ದ್ರೌಪದೀ ಮಾನಸಂರಕ್ಷಣಂ’ದಲ್ಲಿ ಅವರು ದುರ್ಯೋಧನರಾದರು, ಅದೇ ಕಥೆಯ ಮತ್ತೊಂದು ಚಿತ್ರದ ಎದುರು ಆ ಚಿತ್ರ ಸೋತಿತು. ಗೂಡವಲ್ಲಿ ರಾಮಬ್ರಹ್ಮಂ ನಿರ್ದೇಶಿಸಿದ 1939ರ ‘ರೈತುಬಿಡ್ಡ’ದಲ್ಲಿ ಅವರದು ಜಮೀನ್ದಾರಿಯ ಕೆಳಗೆ ನಲುಗುವ ರೈತನ ಪಾತ್ರ. ಆ ಚಿತ್ರ ಜಮೀನ್ದಾರರ ತೀವ್ರ ವಿರೋಧವನ್ನು ಎದುರಿಸಬೇಕಾಯಿತು. ಕಿರೀಟವಿಲ್ಲದ, ಅಬ್ಬರವಿಲ್ಲದ ಈ ಪಾತ್ರದಲ್ಲಿ ರಾಘವರು ರಂಗದ ಮೇಲೆ ಮೂರು ದಶಕ ಸಾಧಿಸಿದ ಸಂಯಮ ಅವರ ಕೈಹಿಡಿಯಿತು ಎನ್ನಬಹುದು. 1940ರ ‘ಚಂಡಿಕಾ’ದ ಬಳಿಕ ಅವರು ಚಿತ್ರರಂಗದಲ್ಲಿ ಮುಂದುವರಿಯಲಿಲ್ಲ.

ಕನ್ನಡ ಸಂಶೋಧನೆಯಲ್ಲಿ ರಾಘವರಿಗೆ ದೊರೆತಿರುವ ಸ್ಥಾನ ಸಣ್ಣದು. ಅವರು ಹೆಚ್ಚಾಗಿ ತೆಲುಗಿನಲ್ಲಿ ಅಭಿನಯಿಸಿದರು ಎಂಬುದು ಇದಕ್ಕೆ ಕೊಡಬಹುದಾದ ಕಾರಣ. ಆದರೆ ಅವರು ಕನ್ನಡ, ಹಿಂದಿ, ಇಂಗ್ಲಿಷ್ ನಾಟಕಗಳಲ್ಲಿಯೂ ಪಾತ್ರ ವಹಿಸಿದವರು. ಅವರ ಬಳ್ಳಾರಿ ಎರಡು ನುಡಿಗಳನ್ನು ಒಟ್ಟಿಗೆ ಆಡುತ್ತಿದ್ದ ಊರು. ಮದರಾಸು ಪ್ರಾಂತದ ಜಿಲ್ಲೆಯಾಗಿದ್ದ ಅದು 1953ರ ಅಕ್ಟೋಬರಿನಲ್ಲಿ ಮೈಸೂರು ರಾಜ್ಯವನ್ನು ಸೇರುವ ಹೊತ್ತಿಗೆ ರಾಘವರು ಕಾಲವಾಗಿ ಏಳು ವರ್ಷಗಳಾಗಿದ್ದವು. ಅವರು ನಿಧನರಾದದ್ದು 1946ರ ಏಪ್ರಿಲ್ 16ರಂದು. ಬಳ್ಳಾರಿಯ ರಂಗಮಂದಿರವೊಂದು ಇಂದು ಅವರ ಹೆಸರನ್ನು ಹೊತ್ತಿದೆ.