ಕಳಿಂಗದಲ್ಲಿ ಕೆತ್ತದ ಮಾತು

ಚಂದ್ರಗುಪ್ತ ಮೌರ್ಯನು ರಾಜ್ಯವನ್ನು ತೊರೆದು, ಶ್ರುತಕೇವಲಿ ಭದ್ರಬಾಹು ಮುನಿಗಳನ್ನು ಹಿಂಬಾಲಿಸಿ ಕಟವಪ್ರಕ್ಕೆ ಬಂದು, ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದನೆಂದು ಜೈನ ಪರಂಪರೆ ನಂಬುತ್ತದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟ ಇಂದಿಗೂ ಅವನ ಹೆಸರಿನಿಂದ ಚಂದ್ರಗಿರಿ ಎನಿಸಿಕೊಂಡಿದೆ. ಆ ತಾತ ಕೆಳಗಿಟ್ಟ ಖಡ್ಗವನ್ನು ಮೊಮ್ಮಗ ಅಶೋಕನು ಮತ್ತೆ ಕೈಗೆತ್ತಿಕೊಂಡನು. ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾಗಿದ್ದಾಗ, ಕ್ರಿ.ಪೂ. 261ರ ಸುಮಾರಿಗೆ, ಅವನ ಸೇನೆ ಕಳಿಂಗದ ಮೇಲೆ ಎರಗಿತು.

ಆ ಯುದ್ಧದ ಲೆಕ್ಕವನ್ನು ಕೊಟ್ಟವನು ಶತ್ರುವಲ್ಲ, ಗೆದ್ದ ಅರಸನೇ. 1,00,000 ಜನ ಹತರಾದರು, 1,50,000 ಜನ ಸೆರೆಯಾಗಿ ಸಾಗಿಸಲ್ಪಟ್ಟರು, ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಜನ ಆಮೇಲೆ ಸತ್ತರು ಎಂದು ಅವನ 13ನೆಯ ಬಂಡೆಶಾಸನ ತಿಳಿಸುತ್ತದೆ. ಬ್ರಾಹ್ಮಣರು, ಶ್ರಮಣರು, ತಂದೆತಾಯಿಗಳ ಸೇವೆಯಲ್ಲಿದ್ದ ಗೃಹಸ್ಥರು ಪಟ್ಟ ಪಾಡನ್ನು ನೆನೆದು ಅವನು ಮರುಗುತ್ತಾನೆ. ಅದರ ನೂರನೆಯ, ಸಾವಿರದ ಒಂದನೆಯ ಪಾಲು ನೋವೂ ಈಗ ತನಗೆ ಭಾರವೆನ್ನುತ್ತಾನೆ. ರಾಜರ ಶಾಸನಗಳು ಸಾಮಾನ್ಯವಾಗಿ ಕೊಂದ ಸಂಖ್ಯೆಯನ್ನು ಬಿರುದಿಗಾಗಿ ಎಣಿಸುತ್ತವೆ. ಇವನು ಎಣಿಸಿದ್ದು ಪಶ್ಚಾತ್ತಾಪಕ್ಕಾಗಿ.

ಅರಸರಿಗೆ ಈ ಮಾತು ಇಷ್ಟು ಕಷ್ಟವಾಗುವುದೇಕೆ? ಜೈನ ಆಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿದ್ದಾರೆ. ಆಕ್ರಮಣವನ್ನು ತಡೆಯಲು ಗೃಹಸ್ಥನಿಗೆ ಅನಿವಾರ್ಯವಾಗುವುದು ವಿರೋಧೀ ಹಿಂಸೆ. ಬೇಕೆಂದೇ ಎಸಗುವುದು ಸಂಕಲ್ಪೀ. ಅದಕ್ಕೆ ಶ್ರಾವಕನಿಗೂ ವಿನಾಯಿತಿಯಿಲ್ಲ. ಯುದ್ಧ ಹೂಡಿದ ಯಾವ ಅರಸನೂ ತನ್ನದು ಎರಡನೆಯದೆಂದು ಒಪ್ಪುವುದಿಲ್ಲ. ಒಪ್ಪಿದರೆ ತನ್ನ ಮಾತನ್ನು ನಂಬಿ ಹೋಗಿ ಸತ್ತ ಸೈನಿಕರ ಮನೆಯವರಿಗೆ ಏನು ಹೇಳಬೇಕು? ಗೆದ್ದ ನೆಲವನ್ನು ಏನು ಮಾಡಬೇಕು? ಅಮೆರಿಕದ ರಕ್ಷಣಾ ಸಚಿವನಾಗಿದ್ದ ಮೆಕ್‌ನಮಾರ ವಿಯೆಟ್ನಾಂ ಯುದ್ಧದ ವಿಷಯದಲ್ಲಿ ತಾವು ತಪ್ಪಿದೆವೆಂದು ಬರೆದದ್ದು 1995ರಲ್ಲಿ, ಯುದ್ಧ ಮುಗಿದು 20 ವರ್ಷ ಕಳೆದ ಮೇಲೆ. ಅಶೋಕನು ಸಿಂಹಾಸನದ ಮೇಲಿದ್ದಾಗಲೇ ಹೇಳಿದನು. ಈ ಕಾರಣಕ್ಕೆ ಅವನು ದೊಡ್ಡವನು.

ಆದರೆ ಅವನ ಬಾಳಿನಲ್ಲಿ ಒಂದು ತೊಡಕು ಉಳಿದಿದೆ. ಈ ಶಾಸನವನ್ನು ಅವನು ಪಶ್ಚಿಮದ ಗಿರ್ನಾರದಲ್ಲಿ ಕೆತ್ತಿಸಿದನು, ಹಿಮಾಲಯದ ಬುಡದ ಕಾಲ್ಸಿಯಲ್ಲಿ ಕೆತ್ತಿಸಿದನು, ದೂರದ ಕಂದಹಾರದಲ್ಲಿ ಗ್ರೀಕ್ ಭಾಷೆಯಲ್ಲಿಯೂ ಬರೆಯಿಸಿದನು. ಕಳಿಂಗದಲ್ಲಿ ಮಾತ್ರ ಕೆತ್ತಿಸಲಿಲ್ಲ. ಇಂದಿನ ಒಡಿಶಾದ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ 11, 12, 13ನೆಯ ಶಾಸನಗಳಿಲ್ಲ. ಅವುಗಳ ಬದಲಿಗೆ ಎರಡು ಪ್ರತ್ಯೇಕ ಶಾಸನಗಳಿವೆ. ಅಲ್ಲಿ ಅವನು ಪ್ರಜೆಗಳೆಲ್ಲ ತನ್ನ ಮಕ್ಕಳೆನ್ನುತ್ತಾನೆ, ಅಕಾರಣವಾಗಿ ಯಾರನ್ನೂ ಸೆರೆಯಲ್ಲಿಡಬಾರದೆಂದು ಅಧಿಕಾರಿಗಳಿಗೆ ಕಟ್ಟಪ್ಪಣೆ ಮಾಡುತ್ತಾನೆ. ಒಳ್ಳೆಯ ಮಾತುಗಳೇ. ಆದರೂ ತಂದೆಯಾಗಿ ಮಾತನಾಡಿದನೇ ಹೊರತು ಅಪರಾಧಿಯಾಗಿ ಅಲ್ಲ. ಕಳಿಂಗವನ್ನು ಬಿಟ್ಟುಕೊಡಲೂ ಇಲ್ಲ. ಹೊಸದಾಗಿ ಗೆದ್ದ ನಾಡಿನಲ್ಲಿ ಅರಸನೇ ತಪ್ಪೊಪ್ಪಿಕೊಂಡರೆ ದಂಗೆಯೇಳಬಹುದೆಂಬ ಅಳುಕು ಇದ್ದೀತು. 13ನೆಯ ಶಾಸನದಲ್ಲಿಯೇ, ಮರುಗುವವನ ಕೈಯಲ್ಲಿ ದಂಡಶಕ್ತಿಯೂ ಇದೆಯೆಂದು ಅಡವಿಯ ಜನರಿಗೆ ಎಚ್ಚರಿಕೆ ಕೊಟ್ಟವನು ಅವನು.

ಗುರುವಿನ ಮುಂದೆ ದೋಷವನ್ನು ಹೇಳಿಕೊಳ್ಳುವುದಕ್ಕೆ ಜೈನರು ಆಲೋಚನೆ ಎನ್ನುತ್ತಾರೆ. ಶಿವಾರ್ಯರ ಭಗವತೀ ಆರಾಧನೆಯು ಆಲೋಚನೆಗೆ ಅಂಟುವ ಹತ್ತು ದೋಷಗಳನ್ನು ಹೇಳುತ್ತದೆ. ಇತರರು ಕಂಡ ತಪ್ಪನ್ನಷ್ಟೇ ಒಪ್ಪಿಕೊಳ್ಳುವುದು ದೃಷ್ಟ. ಚಿಕ್ಕ ತಪ್ಪನ್ನು ಹೇಳಿ ದೊಡ್ಡದನ್ನು ಮರೆಸುವುದು ಸೂಕ್ಷ್ಮ. ಗದ್ದಲದ ನಡುವೆ, ಕೇಳಬೇಕಾದವರಿಗೆ ಕೇಳದಂತೆ ಹೇಳುವುದು ಶಬ್ದಾಕುಲಿತ. ಮುನಿಗಳಿಗಾಗಿ ಮಾಡಿದ ಈ ಪಟ್ಟಿ ಅರಸರನ್ನು ಇಷ್ಟು ಚೆನ್ನಾಗಿ ಬಲ್ಲುದೆಂಬುದು ಅಚ್ಚರಿ. ಕರ್ನಾಟಕದ ಬ್ರಹ್ಮಗಿರಿಯ ಕಿರುಶಾಸನದಲ್ಲಿ ಅಶೋಕನು, ಉಪಾಸಕನಾದ ಮೇಲೂ ಒಂದು ವರ್ಷ ತಾನು ಸಾಕಷ್ಟು ಶ್ರಮಿಸಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಕಳಿಂಗದ ಸೊಲ್ಲು ಅಲ್ಲಿಲ್ಲ. ಆ ಶಾಸನದ ಉದ್ದೇಶ ಬೇರೆ ಎಂಬುದು ನಿಜ. ಮನಸ್ಸಿಗೆ ಯಾವ ತಪ್ಪು ಸುಲಭವಾಗಿ ಬಾಯಿಗೆ ಬರುತ್ತದೆ ಎಂಬುದೂ ನಿಜ.

ಅಶೋಕನು ಬೌದ್ಧ ಉಪಾಸಕನಾಗಿದ್ದರೂ ನಿರ್ಗ್ರಂಥರ ಹಿತವನ್ನು ನೋಡಿಕೊಳ್ಳಲು ಧರ್ಮಮಹಾಮಾತ್ರರನ್ನು ನೇಮಿಸಿದ್ದನು. ಮಕ್ಕಳು ಮೊಮ್ಮಕ್ಕಳು ಹೊಸ ದಿಗ್ವಿಜಯವನ್ನು ಬಯಸದಿರಲೆಂದು ಆಶಿಸಿದನು. ಅವನ ಮೊಮ್ಮಗ ಸಂಪ್ರತಿಯನ್ನು ಜೈನಧರ್ಮದ ಪೋಷಕನೆಂದು ಶ್ವೇತಾಂಬರ ಪರಂಪರೆ ಸ್ಮರಿಸುತ್ತದೆ.

1980ರ ದಶಕದಲ್ಲಿ, ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯೊಳಗೆ ಮೂರ್ತಿಯ ಪೀಠವಾಗಿದ್ದ ಕಲ್ಲಿನ ಚಪ್ಪಡಿಯೊಂದರಲ್ಲಿ ಅಶೋಕನ ಅಕ್ಷರಗಳು ಕಾಣಿಸಿದವು. ಅದರಲ್ಲಿಯೂ ಕಳಿಂಗಕ್ಕೆಂದು ಬರೆಸಿದ ಆ ಎರಡು ಪ್ರತ್ಯೇಕ ಶಾಸನಗಳಿದ್ದವು. ಮತ್ತೊಂದು ಮಗ್ಗುಲಲ್ಲಿ 12ನೆಯ ಶಾಸನ ಮುಗಿದ ಮೇಲೆ ಬರುವುದು 14ನೆಯದು.