ಡೊರೊಥಿ ಹಾಡ್ಜ್‌ಕಿನ್

ಪೆನಿಸಿಲಿನ್ ಔಷಧದ ಹೆಸರನ್ನು ಕೇಳದ ಮನೆಯಿಲ್ಲ. ಆದರೆ ಅದರ ಅಣುರಚನೆಯನ್ನು ಕಂಡುಹಿಡಿದವರು ಓರ್ವ ಮಹಿಳೆಯೆಂಬುದನ್ನು ಅರಿತವರು ವಿರಳ.

ಡೊರೊಥಿಯವರು 1910ನೆಯ ಇಸವಿ ಮೇ 12ರಂದು ಕೈರೋ ನಗರದಲ್ಲಿ ಆಂಗ್ಲ ದಂಪತಿಗಳ ಮಗಳಾಗಿ ಜನಿಸಿದರು. ಇಂಗ್ಲೆಂಡಿನಲ್ಲಿ ಇವರು ಓದಿದ ಶಾಲೆಯಲ್ಲಿ ರಸಾಯನಶಾಸ್ತ್ರವು ಬಾಲಕರಿಗೆ ಮೀಸಲಾಗಿತ್ತು. ಇವರಿಗೂ ಇನ್ನೊಬ್ಬ ಬಾಲಿಕೆಗೂ ಮಾತ್ರ ಆ ತರಗತಿಯಲ್ಲಿ ಕುಳಿತುಕೊಳ್ಳಲು ಅನುಮತಿ ದೊರೆಯಿತು. ಮುಂದಿನದೆಲ್ಲವೂ ಆ ಅನುಮತಿಯ ಫಲವೇ.

ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮುಗಿಸಿ ಇವರು ಕೇಂಬ್ರಿಜ್ಜಿಗೆ ತೆರಳಿ, ಬರ್ನಾಲ್ ಎಂಬ ವಿಜ್ಞಾನಿಯ ಬಳಿ ಸಂಶೋಧನೆಗೆ ತೊಡಗಿದರು. ಹರಳಿನ ಮೂಲಕ ಎಕ್ಸ್-ಕಿರಣಗಳನ್ನು ಹಾಯಿಸಿದರೆ ಫಲಕದ ಮೇಲೆ ಚುಕ್ಕೆಗಳು ಮೂಡುವುವು. ಅವುಗಳನ್ನು ಗಣಿಸಿ ಪರಮಾಣುಗಳ ನೆಲೆಯನ್ನು ತಿಳಿಯಬಹುದು. ಆದರೆ ಜಠರದ ಕಿಣ್ವವಾದ ಪೆಪ್ಸಿನ್ನಿನ ಹರಳುಗಳು ಒಣಗಿದೊಡನೆ ಕ್ರಮಗೆಡುತ್ತಿದ್ದುವು. ಅವು ಬೆಳೆದ ದ್ರಾವಣದಲ್ಲಿಯೇ ತೇವವಾಗಿರಿಸಿದಾಗ, 1934ರಲ್ಲಿ, ಸ್ಪಷ್ಟವಾದ ಚಿತ್ರವು ಲಭಿಸಿತು. ಕಿಣ್ವಗಳ ರಚನೆಯನ್ನು ಅರಿಯುವ ಮಾರ್ಗವು ಅಂದು ತೆರೆಯಿತು. ಅದೇ ವರ್ಷ ಡೊರೊಥಿಯವರ ಕೈಗಳನ್ನು ಕೀಲುವಾತವು ಆವರಿಸಿತು. ಬೆರಳುಗಳು ಕ್ರಮೇಣ ಸೊಟ್ಟಗಾದರೂ ಅವರು ಸೂಕ್ಷ್ಮವಾದ ಹರಳುಗಳ ಕೆಲಸವನ್ನು ಬಿಡಲಿಲ್ಲ.

ಯುದ್ಧಕಾಲದಲ್ಲಿ ಪೆನಿಸಿಲಿನ್ನಿನ ರಚನೆಯ ವಿಷಯದಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವಿತ್ತು. 1945ರಲ್ಲಿ ಡೊರೊಥಿಯವರು ಬಾರ್ಬರಾ ಲೋ ಮೊದಲಾದವರೊಡನೆ ಅದನ್ನು ಇತ್ಯರ್ಥಪಡಿಸಿದರು. ಅದರ ನಡುವೆ ನಾಲ್ಕೇ ಪರಮಾಣುಗಳ ಬಿಗಿಯಾದ ಉಂಗುರವೊಂದಿತ್ತು. ರೋಗಾಣುವಿನ ಕವಚವನ್ನು ಹೆಣೆಯುವ ಕಿಣ್ವವು ಪೆನಿಸಿಲಿನ್ನನ್ನು ತನ್ನ ಹೆಣಿಗೆಯ ಎಳೆಯೆಂದೇ ಹಿಡಿಯುತ್ತದೆ. ಕೂಡಲೆ ಉಂಗುರವು ಬಿಚ್ಚಿ ಕಿಣ್ವಕ್ಕೆ ಅಂಟಿಕೊಳ್ಳುತ್ತದೆ. ಹೆಣಿಗೆ ನಿಂತು ರೋಗಾಣುವು ಒಡೆದು ನಾಶವಾಗುತ್ತದೆ. ಕೆಲವು ರೋಗಾಣುಗಳಾದರೋ ಉಂಗುರವನ್ನೇ ಮುರಿಯುವ ಬೇರೊಂದು ಕಿಣ್ವವನ್ನು ಉತ್ಪಾದಿಸಿ ಪಾರಾಗುತ್ತವೆ. ಆದುದರಿಂದಲೇ ಇಂದಿನ ವಿಜ್ಞಾನಿಗಳು ಇಂತಹ ಕಿಣ್ವಗಳನ್ನು ಹರಳುಗಟ್ಟಿಸಿ, ಅವುಗಳ ಆಕಾರವನ್ನು ನೋಡಿ, ಅದಕ್ಕೆ ತಕ್ಕ ಔಷಧಗಳನ್ನು ರೂಪಿಸಲು ಯತ್ನಿಸುತ್ತಾರೆ.

ಬಿ12 ಜೀವಸತ್ವದ ರಚನೆಯನ್ನೂ ನಿರ್ಣಯಿಸಿದ ಡೊರೊಥಿಯವರಿಗೆ 1964ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. 1935ರಲ್ಲಿ ಮೊದಲ ಚಿತ್ರ ತೆಗೆದ ಇನ್ಸುಲಿನ್ನಿನ ರಚನೆಯು 34 ವರ್ಷಗಳ ತರುವಾಯ, 1969ರಲ್ಲಿ, ಕೈಗೂಡಿತು. ಆ ಕಾರ್ಯದಲ್ಲಿ ನೆರವಾದ ಶಿಷ್ಯ ಎಂ. ವಿಜಯನ್‌ರವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಈ ವಿದ್ಯೆಯನ್ನು ಬೆಳೆಸಿ, ಕ್ಷಯರೋಗಾಣುವಿನ ಪ್ರೋಟೀನುಗಳ ರಚನೆಯನ್ನೂ ಶೋಧಿಸಿದರು. ಡೊರೊಥಿಯವರು 1994ರ ಜುಲೈ 29ರಂದು ಕಾಲವಾದರು.

ಪೋಷಕರೇ, ತರಗತಿಯಲ್ಲಿ ಇಬ್ಬರು ಬಾಲಿಕೆಯರಿಗೆ ಸ್ಥಳ ಕೊಟ್ಟುದರಿಂದ ಲೋಕಕ್ಕಾದ ಲಾಭವಿಷ್ಟು. ನಿಮ್ಮ ಮಗಳು ವಿಜ್ಞಾನವನ್ನು ಓದಬಯಸಿದಾಗ ಇದನ್ನು ನೆನೆಯಿರಿ.